ಮುಟ್ಟು ನಿಂತಾಗ ನಾನು ಖುಷಿಪಟ್ಟೆ, ನೀವು ಪಡಬೇಡಿ

ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಹಾಫ್ ಓಡಬೇಕೆಂದು ಜೂನ್‌ನಲ್ಲೇ ಶುರು ಮಾಡಿದ್ದೆ. ಬೆಳಿಗ್ಗೆ ಐದೂವರೆಗೆ ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತ ಓಟ, ಎಂಟಕ್ಕೆ ಲೋಕಲ್ ರೈಲು. ಸೆಪ್ಟೆಂಬರ್‌ನಲ್ಲಿ ಮುಟ್ಟು ಬರಲಿಲ್ಲ. ಅಕ್ಟೋಬರ್‌ನಲ್ಲೂ ಇಲ್ಲ. ಗರ್ಭ ಅಲ್ಲವೆಂದು ಕಿಟ್‌ನಲ್ಲಿ ನೋಡಿಕೊಂಡೆ. ಆ ನೂಕುನುಗ್ಗಲಲ್ಲಿ ಪ್ಯಾಡ್ ರಗಳೆ ತಪ್ಪಿತಲ್ಲ ಅಂತ ಸಮಾಧಾನವೇ ಆಯಿತು. ಜೊತೆಗೆ ಓಡುವವರೊಬ್ಬರು "ಫಿಟ್ ಆಗಿದ್ದೀರಿ ಅಂತ ಅರ್ಥ" ಅಂದರು. ನಂಬಿಬಿಟ್ಟೆ.

ನವೆಂಬರ್‌ನಲ್ಲಿ ಮೊಣಕಾಲ ಕೆಳಗಿನ ಮೂಳೆ ನೋವು. ಸರಿಯಾಗಿ ಒಂದೇ ಜಾಗ, ಬೆರಳಿಟ್ಟು ತೋರಿಸುವಂಥದ್ದು. ಎಂಆರ್‌ಐಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಒತ್ತಡ ಬಿದ್ದು ಮೂಳೆಯಲ್ಲಿ ಮೂಡುವ ಸಣ್ಣ ಬಿರುಕು, ಕಂಡಿತು. ಡಾಕ್ಟರ್ ಮೊದಲು ಕೇಳಿದ್ದು ಕಾಲಿನ ಬಗ್ಗೆ ಅಲ್ಲ, ಕೊನೆಯ ಮುಟ್ಟಿನ ಬಗ್ಗೆ.

ಓಟಕ್ಕೆ ತಕ್ಕ ಊಟ ಇಲ್ಲದಿದ್ದರೆ ಮೆದುಳಿನ ಹೈಪೋಥಲಾಮಸ್ ಖರ್ಚು ಕಡಿತಕ್ಕೆ ಇಳಿಯುತ್ತದೆ. ಅಂಡಾಶಯಕ್ಕೆ ಸೂಚನೆ ಕೊಡುವ ಎಲ್‌ಎಚ್ ಹಾರ್ಮೋನು ಕುಗ್ಗುತ್ತದೆ, ಅಂಡಾಶಯದ ಹಾರ್ಮೋನು ಈಸ್ಟ್ರೊಜೆನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಮೂಳೆ ಕಾಯುವುದೂ ಅದೇ ಈಸ್ಟ್ರೊಜೆನ್. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ತೊಂದರೆಗೆ ರೆಡ್-ಎಸ್ (ಕ್ರೀಡೆಯಲ್ಲಿ ಖರ್ಚಿಗೆ ತಕ್ಕ ಶಕ್ತಿ ಸಿಗದ ಸ್ಥಿತಿ) ಎಂದು ಹೆಸರಿಟ್ಟಿತು. ಗಂಡಸರಿಗೂ ಬರುತ್ತದೆ, ಅವರಿಗೆ ತಾರೀಖು ತಪ್ಪುವುದಿಲ್ಲ ಅಷ್ಟೇ.

ಹಾಗಾಗಿ ಮೊದಲು ತಾರೀಖು ಬರೆದಿಡಿ. ಹಾಲಿನ ಲೆಕ್ಕದ ಕ್ಯಾಲೆಂಡರ್ ಸಾಕು, ಆ್ಯಪ್ ಬೇಕೆಂದೇನಿಲ್ಲ. 21ರಿಂದ 35 ದಿನದೊಳಗೆ ಬಂದರೆ ಸರಿ. ಮತ್ತೆ ಮತ್ತೆ 35 ದಾಟಿದರೆ, ಅಥವಾ ಮೂರು ತಿಂಗಳು ಬರದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಕಾರಣ ಥೈರಾಯ್ಡೋ, ಹಾರ್ಮೋನು ಏರುಪೇರಿನ ಪಿಸಿಓಎಸ್ಸೋ ಇರಬಹುದು, ಓಟದ ಮೇಲೇ ಹೊರಿಸಬೇಡಿ. ಗರ್ಭನಿರೋಧಕ ಮಾತ್ರೆ ತಗೊಂಡು ಬರುವ ರಕ್ತಸ್ರಾವವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ನಿಜವಾದ ಮುಟ್ಟಲ್ಲ.

ರಕ್ತ ಪರೀಕ್ಷೆಯಲ್ಲಿ ನಾನೊಂದು ಪೆದ್ದುತನ ಮಾಡಿದೆ. ಫ್ರ್ಯಾಕ್ಚರ್ ಇದ್ದರೂ ಸುಮ್ನೆ ಕೂರಲಾಗದೆ ಬೆಳಿಗ್ಗೆ ಈಜಿ, ನೇರ ಲ್ಯಾಬ್‌ಗೆ ಹೋದೆ. ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವ ಹಾರ್ಮೋನು, ಹೆಚ್ಚಾದರೆ ಮುಟ್ಟು ನಿಲ್ಲಬಹುದು) ಜಾಸ್ತಿ ಬಂತು. ವ್ಯಾಯಾಮ ಮಾಡಿದರೆ ಅದು ಏರುತ್ತದಂತೆ! ಮತ್ತೆ ದುಡ್ಡು, ಮತ್ತೆ ಸೂಜಿ. ರಕ್ತ ಕೊಡುವ ದಿನ ಬೆಳಿಗ್ಗೆ ಓಟ, ಜಿಮ್ ಏನೂ ಬೇಡ. ಮುಟ್ಟು ಬರುತ್ತಿದ್ದರೆ ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಯೋಲ್ ಎಂಬ ಹಾರ್ಮೋನುಗಳ ಪರೀಕ್ಷೆಗೆ ಮುಟ್ಟಿನ ಎರಡು-ಮೂರನೇ ದಿನ ರಕ್ತ ಕೊಡುವುದು ರೂಢಿ. ನಿಂತೇ ಹೋಗಿದ್ದರೆ ಯಾವತ್ತಾದರೂ ಸರಿ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಕೂಡ ಕೇಳಿ. ಹಿಮೋಗ್ಲೋಬಿನ್ ಚೆನ್ನಾಗಿದ್ದರೂ ಆ ದಾಸ್ತಾನು ಖಾಲಿ ಇರಬಹುದು.

ಇನ್ನು ಊಟ. ಎಲ್ಲ ನಿಂತಿರುವುದು ಇದರ ಮೇಲೆ. 55 ಕೆಜಿಯವಳು 10 ಕಿಮೀ ಓಡಿದರೆ ಸುಮಾರು 550 ಕ್ಯಾಲೊರಿ ಖರ್ಚು. ನಾನು ಖಾಲಿ ಹೊಟ್ಟೆಗೆ ಕಾಫಿ ಕುಡಿದು ಓಡಿ, ಬಂದು ಎರಡು ಇಡ್ಲಿ ತಿಂದು ಆಫೀಸಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಚಪಾತಿ. ಈಗ ಓಡುವ ಮೊದಲು ಬಾಳೆಹಣ್ಣು. ಬಂದ ಕೂಡಲೇ ಬೆಲ್ಲ ಹಾಕಿದ ರಾಗಿ ಗಂಜಿ, ಎರಡು ಮೊಟ್ಟೆ (ಇಲ್ಲಿನ ಅಂಗಡಿಯಲ್ಲಿ ರಾಗಿ ಅಂದರೆ ಕೆಲವರಿಗೆ ತಿಳಿಯದು, ನಾಚಣಿ ಅನ್ನಿ). ಹತ್ತಕ್ಕೆ ಲಿಂಬೆ ಹಿಂಡಿದ ಕಡಲೆ ಉಸಲಿ. ಕಾಫಿ ಕಬ್ಬಿಣ ಹೀರುವುದನ್ನು ತಡೆಯುತ್ತದೆ, ಅದಕ್ಕೇ ಒಂದು ಗಂಟೆ ಬಿಟ್ಟು. ಇದೊಂದೇ ನನಗೆ ಕಷ್ಟವಾಗಿದ್ದು.

ಆ ಜನವರಿಯಲ್ಲಿ ಓಡಲಿಲ್ಲ. ಮುಟ್ಟು ಬಂದಿದ್ದು ಮಾರ್ಚ್‌ನಲ್ಲಿ, ಲೇಡೀಸ್ ಡಬ್ಬಿಯಲ್ಲಿ, ದಾದರ್ ದಾಟಿದ ಮೇಲೆ. ಬ್ಯಾಗಿನಲ್ಲಿ ಪ್ಯಾಡ್ ಇರಲಿಲ್ಲ. ಎದುರು ಸೀಟಿನ ಹುಡುಗಿಯ ಹತ್ತಿರ ಕೇಳಿದೆ. ನಾನು ಯಾಕೆ ಅಷ್ಟು ನಗುತ್ತಿದ್ದೇನೆಂದು ಅವಳಿಗೆ ಅರ್ಥವಾಗಲಿಲ್ಲ.