ಜೇಡ್ ಸರ, ಜೇಡ್ ಬಳೆ: ಜೋಪಾನ ಮಾಡುವ ಬಗೆ

ಹೋದ ವರ್ಷ ಲಗ್ನದ ದಿನಗಳಲ್ಲಿ ಒಬ್ಬ ಅಕ್ಕ ಕರ್ಚೀಫಿನ ಗಂಟು ಬಿಚ್ಚಿ ಹಸಿರು ಮಣಿಗಳನ್ನು ನನ್ನ ಮುಂದಿನ ತಾಟಿಗೆ ಸುರಿದರು. “ಹಂದರದಾಗೇ ಹರದ್ಹೋಯ್ತು ನೋಡವ್ವ. ಐವತ್ನಾಕು ಇದ್ದವು, ಐವತ್ತೊಂದು ಸಿಕ್ಕಾವ” ಅಂದರು. ಅತ್ತೆ ಕೊಟ್ಟ ಸರವಂತೆ. ಮಣಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ, ಒಂದಕ್ಕೂ ಚಕ್ಕೆ ಎದ್ದಿರಲಿಲ್ಲ. ದಾರದ ಗತಿ ಬೇರೆ. ಕೊಂಡಿಯ ಪಕ್ಕದಲ್ಲಿ ಅರಿಶಿಣ, ಬೆವರು, ಸೆಂಟು ಸೇರಿ ಕಪ್ಪಗೆ ಕಟ್ಟಿಗೆಯಂತಾಗಿತ್ತು. ಉಗುರು ತಾಗಿಸಿದರೆ ಪುಡಿಪುಡಿ.

ನಮ್ಮದು ಪಟವೇಗಾರರ ಮನೆ. ಕಲಬುರಗಿಯ ಸರಾಫ ಬಜಾರದವರು ಮಾಡಿದ ಗುಂಡು, ಬೋರಮಾಳ, ತಾಳಿ ಎಲ್ಲ ದಾರಕ್ಕೆ ಏರುವುದು ನಮ್ಮಂಥವರ ಕೈಯಲ್ಲಿ. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಎಳೆ ಹೊಸೆಯುವುದನ್ನು ಅಪ್ಪ ಕಲಿಸಿದರು. ಜೇಡ್ ಕಲ್ಲು ಆಗ ಅಪರೂಪ. ಅದನ್ನು ‘ಯಶಬ್’ ಎಂದು ಕರೆಯುತ್ತಿದ್ದ ಹಳೆಯ ಮುಸ್ಲಿಂ ಮನೆತನದವರು ಮಾತ್ರ ತರುತ್ತಿದ್ದರು. ಈಗ ಸಿಂಗಪುರ, ಬ್ಯಾಂಕಾಕ್ ತಿರುಗಿ ಬಂದವರೆಲ್ಲ ಒಂದು ಬಳೆಯನ್ನೋ ಸರವನ್ನೋ ತಂದಿರುತ್ತಾರೆ. ತಂದ ಮೇಲೆ ಅದನ್ನು ಬಂಗಾರದ ಹಾಗೆಯೇ ನೋಡಿಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ.

ಮೊದಲು ನಿಮ್ಮ ಹತ್ತಿರ ಇರುವುದು ಏನು ಅಂತ ಗೊತ್ತಿರಬೇಕು. ಜೇಡ್ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಕಲ್ಲುಗಳಿವೆ: ನೆಫ್ರೈಟ್ ಮತ್ತು ಜೇಡೈಟ್. ಅವೆರಡೂ ಬೇರೆ ಎಂದು 1863ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಅಲೆಕ್ಸಿಸ್ ದಾಮೂರ್. ಬರ್ಮಾದಿಂದ ಬರುವ ಕಡುಹಸಿರಿನದು ಜೇಡೈಟ್. ಇವುಗಳ ಜೊತೆಗೆ ‘ಇಂಡಿಯನ್ ಜೇಡ್’ ಎಂದು ಮಾರುವ ಅವೆಂಚುರಿನ್ ಇದೆ, ಅದು ಬೆಣಚುಕಲ್ಲಿನ ಜಾತಿ. ಸರ್ಪೆಂಟೈನ್ ಎಂಬ ಮೆತ್ತನೆಯ ಕಲ್ಲೂ ಇದೇ ಹೆಸರಿನಲ್ಲಿ ಓಡಾಡುತ್ತದೆ.

ಬಳೆಯಾದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಬಳೆಯ ತೂಕ ನೋಡಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಅಗಲ ಬಟ್ಟಲು ಇಟ್ಟು ಸೊನ್ನೆಗೆ ತನ್ನಿ. ಬಳೆಯನ್ನು ದಾರಕ್ಕೆ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಅಂಚಿಗೂ ತಾಗದಂತೆ ನೀರೊಳಗೆ ಇಳಿಬಿಡಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 50 ಗ್ರಾಂ ಬಳೆಗೆ ನೀರಿನಲ್ಲಿ 15 ಬಂದರೆ ಉತ್ತರ 3.33, ಜೇಡೈಟಿನ ಲೆಕ್ಕ. 17ರ ಹತ್ತಿರ ಬಂದರೆ ಸುಮಾರು 2.95, ನೆಫ್ರೈಟ್. 19ರ ಹತ್ತಿರ ಬಂದರೆ ಸುಮಾರು 2.6, ಅವೆಂಚುರಿನ್, ಸರ್ಪೆಂಟೈನ್ ಎರಡೂ ಅಲ್ಲೇ ಬೀಳುತ್ತವೆ. ಲಕ್ಷಗಟ್ಟಲೆ ಬೆಲೆಯ ಒಡವೆಗೆ ಇಷ್ಟು ಸಾಲದು, ಲ್ಯಾಬಿನ ಸರ್ಟಿಫಿಕೇಟೇ ಬೇಕು. ನಿತ್ಯ ತೊಡುವುದಕ್ಕೆ ಇದು ಧಾರಾಳ.

ಇನ್ನು ಎ, ಬಿ, ಸಿ ಎಂದು ಅಂಗಡಿಯವರು ಹೇಳುತ್ತಾರಲ್ಲ, ಅದನ್ನು ಸರಿಯಾಗಿ ಕೇಳಿ ತಿಳಿದುಕೊಳ್ಳಿ. ಎ ಅಂದರೆ ಕಡೆಗೆ ಮೇಣ ಹಚ್ಚಿದ್ದು ಬಿಟ್ಟರೆ ಬೇರೇನೂ ಮಾಡದ ಕಲ್ಲು. ಬಿ ಅಂದರೆ ಆಸಿಡ್ಡಿನಲ್ಲಿ ಕಲೆ ತೆಗೆದು, ಒಳಗಾದ ಸಂದುಗಳಿಗೆ ಪ್ಲಾಸ್ಟಿಕ್ಕಿನಂಥ ಅಂಟು ತುಂಬಿದ್ದು. ಸಿ ಅಂದರೆ ಬಣ್ಣ ಹಾಕಿದ್ದು. ಭೂತಗನ್ನಡಿ ಹಿಡಿದು ನೋಡಿ: ಹಸಿರು ಬಣ್ಣ ಕಲ್ಲಿನ ಮೈಯೆಲ್ಲ ಹರಡಿರದೆ ಸಣ್ಣ ಬಿರುಕುಗಳಲ್ಲಿ ಜೇಡರ ಬಲೆಯಂತೆ ನಿಂತಿದ್ದರೆ ಅದು ಹಾಕಿದ ಬಣ್ಣ. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಒಂದು ಸರವನ್ನು ನೋಡದೆಯೇ ಸಾಬೂನು ನೀರಿಗೆ ಹಾಕಿದ್ದೆ, ಅರ್ಧ ಗಂಟೆಗೆ ನೀರು ತೆಳು ಹಸಿರಾಗಿತ್ತು. ಆ ಮನೆಯವರ ಮುಂದೆ ನಿಂತು ತಪ್ಪೊಪ್ಪಿಕೊಂಡು ಹಣ ಕೊಟ್ಟೆ. ಅಂದಿನಿಂದ ಒದ್ದೆ ಬಿಳಿ ಬಟ್ಟೆಯಿಂದ ಒಂದು ಮಣಿ ತಿಕ್ಕಿ ನೋಡದೆ ಯಾವ ಸರದ ಮಣಿಗಳನ್ನೂ ನೀರಿಗೆ ಇಳಿಸಿಲ್ಲ.

ತೊಳೆಯುವ ವಿಷಯದಲ್ಲಿ ನಮ್ಮ ಊರಿಗೆಂದೇ ಎರಡು ಮಾತಿವೆ. ಒಂದು ದೂಳು. ಜೇಡ್ ಒಡೆಯುವುದಕ್ಕೆ ಗಟ್ಟಿ. ನೆಫ್ರೈಟಿನ ಎಳೆಗಳು ಕಂಬಳಿಯ ಉಣ್ಣೆಯಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಆದರೆ ಗೀರು ಬೀಳುವ ಮಾತು ಬೇರೆ. ಕಲ್ಲಿನ ಗಡಸುತನ ಹೇಳುವ ಮೋಸ್ ಅಳತೆಯಲ್ಲಿ ಜೇಡ್ 6ರಿಂದ 7ರೊಳಗೆ, ಬೆಣಚುಕಲ್ಲು 7. ಬೀದಿಯ ದೂಳಿನಲ್ಲಿ ಬೆಣಚಿನ ಕಣ ಇದ್ದೇ ಇರುತ್ತದೆ. ಜಾತ್ರೆಯಿಂದ ಬಂದವರು ಸೆರಗಿನಿಂದ ಬಳೆಯನ್ನು ಗರಗರ ತಿಕ್ಕಿದರೆ ಅದು ಮರಳುಕಾಗದದಿಂದ ತಿಕ್ಕಿದ ಹಾಗೆ. ಒಂದು ದಿನಕ್ಕೆ ಕಾಣುವುದಿಲ್ಲ, ನಾಲ್ಕೈದು ವರ್ಷಕ್ಕೆ ಮಿಂಚು ಮಂಕಾಗುತ್ತದೆ. ಆದ್ದರಿಂದ ಮೊದಲು ನೀರು ಹರಿಸಿ ದೂಳು ಕಳೆಯಬೇಕು, ತಿಕ್ಕುವುದು ಆಮೇಲೆ.

ಎರಡನೆಯದು ಬೋರಿನ ನೀರು. ಹಾಗೇ ಒಣಗಲು ಬಿಟ್ಟರೆ ಬಿಳಿ ಉಪ್ಪು ಹಿಡಿಯುತ್ತದೆ. ಅದನ್ನು ತೆಗೆಯಲು ಲಿಂಬೆಹಣ್ಣು, ಬಾತ್‌ರೂಮಿನ ಆಸಿಡ್ ಎಂದು ಹೊರಡಬೇಡಿ. ಮೇಣವೂ ಹೋಗುತ್ತದೆ, ಬೆಳ್ಳಿಯ ಕಟ್ಟೂ ಕೆಡುತ್ತದೆ. ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು, ಎರಡು ಹನಿ ಶಾಂಪೂ, ಮಕ್ಕಳ ಮೆತ್ತನೆಯ ಬ್ರಷ್ ಸಾಕು. ಕಡೆಯ ಜಾಲಾಟ ಮಾತ್ರ ಫಿಲ್ಟರ್ ನೀರಿನಲ್ಲಿ. ಕೂಡಲೇ ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒತ್ತಿ ಒರೆಸಿ. ದಾರದ ಸರವನ್ನು ನೆನೆಸಲೇಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ರೇಷ್ಮೆ ಹಸಿಯಾದರೆ ಹಿಗ್ಗುತ್ತದೆ. ಮೊಳೆಗೆ ತೂಗುಹಾಕದೆ ಬಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿ ರಾತ್ರಿಯಿಡೀ ಒಣಗಿಸಿ.

ಅಲ್ಟ್ರಾಸೋನಿಕ್ ಮಶೀನು, ಹಬೆಯ ಮಶೀನು ಎರಡೂ ಬೇಡ. ಒಂದು ಅಂಗಡಿಯಲ್ಲಿ ಮಶೀನಿಗೆ ಹಾಕಿಸಿಕೊಂಡು ಬಂದ ಬಳೆಯನ್ನು ನಾನು ನೋಡಿದ್ದೇನೆ. ಕೂದಲೆಳೆಯಷ್ಟಿದ್ದ ಬಿರುಕು ಅರ್ಧ ಬಳೆಗೆ ಹಬ್ಬಿತ್ತು.

ಬೀದರ್ ಕಡೆಯವರು ಬಂದರೆ “ಎಣ್ಣಿ ಹಚ್ಚಬೇಕಲ್ರಿ?” ಎಂದು ಕೇಳುತ್ತಾರೆ. ಬಿದರಿಯ ಪದಕಕ್ಕೆ ಎಣ್ಣೆ ಒರೆಸಿದರೆ ಅದರ ಕಪ್ಪು ಏಳುತ್ತದೆ, ಬೆಳ್ಳಿ ಹೊಳೆಯುತ್ತದೆ, ನಿಜ. ಜೇಡಿಗೆ ಎಣ್ಣೆ ಹಚ್ಚಿದರೆ ದೂಳು ಅಂಟುತ್ತದೆ, ಬಿರುಕು ಇದ್ದರೂ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದ ಜಿಡ್ಡು ನಿಮ್ಮ ಚರ್ಮದಿಂದಲೇ ಸಿಗುತ್ತದೆ. ತೊಡುತ್ತಾ ಇದ್ದರೆ ಮಿಂಚು ಬರುತ್ತದೆ ಎನ್ನುವುದು ಇದೇ ಕಾರಣಕ್ಕೆ.

ಬಳೆಗೆ ಅಪಾಯ ಇರುವುದು ಅಡುಗೆಮನೆಯಲ್ಲಿ. ಜೋಳದ ರೊಟ್ಟಿ ಬಡಿಯುವಾಗ ಬಳೆ ಪರಾತದ ಅಂಚಿಗೆ ಟಣ್ ಟಣ್ ಎಂದು ಬಡಿಯುತ್ತಲೇ ಇರುತ್ತದೆ. ಒಂದು ರೊಟ್ಟಿಗೆ ಹತ್ತು ಪೆಟ್ಟು ಅಂದರೂ ದಿನಕ್ಕೆ ಎಷ್ಟಾಯಿತು! ಮೇಲಿಂದ ಹಂಚಿನ ಕಾವು. ಕಲ್ಲಿಗೆ ಹಚ್ಚಿದ ಜೇನುಮೇಣ ಸುಮಾರು 62ರಿಂದ 64 ಡಿಗ್ರಿಗೆ ಕರಗುತ್ತದೆ. ಹಂಚಿನ ಹತ್ತಿರ ಹೋದ ಕೈಗೂ, ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟ ಉಂಗುರಕ್ಕೂ ಆ ಕಾವು ದೂರವಿಲ್ಲ. ರೊಟ್ಟಿಗೆ ಕೂರುವ ಮೊದಲು ಬಳೆ ತೆಗೆಯಿರಿ. ಹೋಳಿಯ ದಿನವೂ ಅಷ್ಟೆ. ಬಣ್ಣ ಮಣಿಯ ತೂತಿಗೆ ಇಳಿದರೆ ದಾರ ಕತ್ತರಿಸದೆ ತೆಗೆಯಲು ಬರುವುದಿಲ್ಲ.

ತೆಗೆಯುವುದಕ್ಕೂ ಒಂದು ಕ್ರಮ ಇದೆ. ನಿಂತುಕೊಂಡು ಎಳೆಯಬೇಡಿ. ನಮ್ಮ ಮನೆಗಳ ನೆಲ ಶಹಾಬಾದ್ ಬಂಡೆಯದು. ಅದರ ಮೇಲೆ ಬಿದ್ದ ಬಳೆ ಉಳಿಯುವ ಭರವಸೆ ಇಲ್ಲ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಅದರ ಮೇಲೆ ಕುಳಿತುಕೊಳ್ಳಿ. ತೆಳ್ಳನೆಯ ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟು, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಬಳೆಯನ್ನು ಮೆಲ್ಲಗೆ ಜಾರಿಸಿದರೆ ಸಾಬೂನೂ ಬೇಡ.

ತೆಗೆದದ್ದನ್ನು ಬೇರೆ ಒಡವೆಗಳ ಜೊತೆ ಡಬ್ಬಿಗೆ ಹಾಕಬೇಡಿ. ವಜ್ರ, ಕೆಂಪು, ನೀಲ ಎಲ್ಲವೂ ಜೇಡಿಗೆ ಗೀರು ಹಾಕುತ್ತವೆ. ಮೆತ್ತನೆಯ ಬಟ್ಟೆಯ ಬೇರೆ ಚೀಲ ಇರಲಿ.

ಹಳೆಯ ಕುಂದಣದ ಜೇಡ್ ಪದಕ ಇರುವವರು ಇಷ್ಟು ನೆನಪಿಡಿ. ಎದೆಬಡಿತಕ್ಕೆ ಒಳ್ಳೆಯದೆಂದು ಎದೆಯ ಮೇಲೆ ಬರುವಂತೆ ತೊಡುತ್ತಿದ್ದ ‘ಹೌಲ್‌ದಿಲಿ’ ತಾಯತಗಳು ಈ ಜಾತಿಯವು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದರೆ ಜಹಾಂಗೀರನ ಜೇಡ್ ಕಠಾರಿಯನ್ನು ನೋಡಿ ಬನ್ನಿ, ಈ ಕಲ್ಲಿಗೆ ಎಂಥ ಮರ್ಯಾದೆ ಇತ್ತು ಅಂತ ಗೊತ್ತಾಗುತ್ತದೆ. ಕುಂದಣದ ಹರಳಿನ ಹಿಂದೆ ತೆಳು ಹಾಳೆ ಇರುತ್ತದೆ, ನೀರು ಹೊಕ್ಕರೆ ಕಪ್ಪಾಗಿ ಹರಳು ಸತ್ತಂತೆ ಕಾಣುತ್ತದೆ. ಅದಕ್ಕೆ ಒಣ ಬ್ರಷ್ ಒಂದೇ ಗತಿ.

ಬಳೆಗೆ ಪೆಟ್ಟು ಬಿದ್ದಿದ್ದರೆ ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿದು ತಿರುಗಿಸಿ ನೋಡಿ. ಗೆರೆ ಕಂಡರೆ ಅದರ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಬಿರುಕು. ತೊಡುವುದನ್ನು ಅಂದೇ ನಿಲ್ಲಿಸಿ. ಒಡೆದೇ ಹೋಗಿದ್ದರೆ ತುಂಡುಗಳನ್ನು ಎಸೆಯದೆ ಅಕ್ಕಸಾಲಿಗರಿಗೆ ತೋರಿಸಿ. ಒಡೆದಲ್ಲಿ ಬಂಗಾರದ ಕಟ್ಟು ಹಾಕಿ ಕೂಡಿಸಬಹುದು.

ಸರಕ್ಕೆ ನನ್ನ ಲೆಕ್ಕ ಹೀಗೆ: ದಿನಾ ತೊಟ್ಟರೆ ವರ್ಷಕ್ಕೊಮ್ಮೆ, ಹಬ್ಬಕ್ಕಷ್ಟೇ ತೊಟ್ಟರೆ ಮೂರು ವರ್ಷಕ್ಕೊಮ್ಮೆ ದಾರ ಬದಲಾಯಿಸಬೇಕು. ಕೊಂಡಿ ಹಿಡಿದು ಎತ್ತಿದಾಗ ಮಣಿಗಳ ನಡುವೆ ದಾರ ಕಂಡರೆ ಅಷ್ಟು ದಿನವೂ ಕಾಯಬೇಡಿ. ಪ್ರತಿ ಮಣಿಗೂ ಒಂದು ಗಂಟು ಹಾಕಿಸಿ. ಹರಿದರೂ ಒಂದೇ ಮಣಿ ಬೀಳುತ್ತದೆ. ಮಣಿಯ ತೂತಿನ ಅಂಚು ಚೂಪಾಗಿದ್ದರೆ ಎಂಥ ದಾರವನ್ನೂ ಕೊಯ್ಯುತ್ತದೆ, ಅದನ್ನು ಮೊದಲು ನುಣ್ಣಗೆ ಮಾಡಿಕೊಡಲು ಹೇಳಿ.

ಆ ಅಕ್ಕನ ಐವತ್ತೊಂದು ಮಣಿಗಳನ್ನು ಹಸಿರು ರೇಷ್ಮೆಯಲ್ಲಿ ಗಂಟು ಗಂಟಾಗಿ ಪೋಣಿಸಿದೆ. ಕಳೆದ ಮೂರರ ಜಾಗಕ್ಕೆ, ಕತ್ತಿನ ಹಿಂದೆ ಬರುವ ಹಾಗೆ, ಅವರದೇ ಹಳೆಯ ಬೋರಮಾಳದ ಮೂರು ಗುಂಡು ಸೇರಿಸಿದೆ. ದಾರ ಹಾಕಿದ ತಾರೀಖನ್ನು ಚೀಟಿಯಲ್ಲಿ ಬರೆದು ಚೀಲದೊಳಗಿಟ್ಟು ಕೊಟ್ಟೆ. “ಬರೋ ದೀಪಾವಳಿಗಿ ತಗೊಂಡ್ ಬರ್ರಿ ಅಕ್ಕಾ, ದಾರ ನೋಡ್ತೀನಿ” ಅಂದೆ.