ಲೆಕ್ಕ ಒಂದೇ, ಫಾರಂ ಹಲವು

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಗದಪತ್ರ ಮಾಡಿಕೊಡುವುದು ನನ್ನ ಕೆಲಸ. "ಮೇಡಂ, ಏನೇನು ಫಾರಂ ತುಂಬಬೇಕು?" ಎಂದು ಮಾಲೀಕರು ಶುರು ಮಾಡುತ್ತಾರೆ. ನಾನು ಮೊದಲು ಫಾರಂ ಮುಟ್ಟುವುದಿಲ್ಲ. ಶೆಡ್ ಒಳಗೆ ಒಂದು ಸುತ್ತು ಹಾಕುತ್ತೇನೆ.

2016ರಲ್ಲಿ ಕೇಂದ್ರ ಮಂಡಳಿ ಉದ್ಯಮಗಳಿಗೆ ಮಾಲಿನ್ಯದ ಅಂಕ ಹಾಕಿತು. 60 ಮತ್ತು ಮೇಲಕ್ಕೆ ಕೆಂಪು, 41ರಿಂದ 59 ಕಿತ್ತಳೆ, 21ರಿಂದ 40 ಹಸಿರು, 20ರ ತನಕ ಬಿಳಿ. ಬಿಳಿಯವರು ಕನ್ಸೆಂಟ್, ಅಂದರೆ ಮಂಡಳಿಯ ಒಪ್ಪಿಗೆ ಪತ್ರ, ತೆಗೆದುಕೊಳ್ಳಬೇಕಿಲ್ಲ, ಮಂಡಳಿಗೆ ತಿಳಿಸಿದರೆ ಸಾಕು ಅಂತಾಯಿತು. 2025ರಲ್ಲಿ ಪಟ್ಟಿ ಮತ್ತೆ ಪರಿಷ್ಕರಣೆಯಾಗಿದೆ, ಹಳೇ ಪ್ರಿಂಟ್‌ಔಟ್ ನಂಬಿಕೊಂಡು ಕೂರಬೇಡಿ. 2016ರ ಬಿಳಿ ಪಟ್ಟಿಯಲ್ಲಿ ಬಣ್ಣ ಹಾಕದ ಕೈಮಗ್ಗ, ಎಲೆಕ್ಟ್ರಾನಿಕ್ ಜೋಡಣೆ ಇದ್ದವು. ಫ್ಯಾಬ್ರಿಕೇಷನ್ ಕೂಡ ಇತ್ತು, ಆದರೆ ಷರತ್ತಿನ ಮೇಲೆ: ಪೂರ್ತಿ ಒಣ ಕೆಲಸವಾಗಿರಬೇಕು. ಪೇಂಟಿಂಗ್, ಹೀಟ್ ಟ್ರೀಟ್‌ಮೆಂಟ್ ಎರಡೂ ಕೂಡದು.

ಅದಕ್ಕೇ ನಾನು ಸುತ್ತು ಹಾಕುವುದು. ಮೂಲೆಯಲ್ಲೊಂದು ಸ್ಪ್ರೇ ಗನ್ ಕಂಡರೆ ಲೆಕ್ಕವೇ ಬೇರೆ. ಕೆಲವರು ಪೇಂಟಿಂಗ್ ಹೊರಗೆ ಜಾಬ್ ವರ್ಕ್‌ಗೆ ಕೊಟ್ಟು ಹಗುರಾಗುತ್ತಾರೆ. ತಪ್ಪಿಲ್ಲ. ಆದರೆ ಆ ಪೇಂಟಿಂಗ್‌ನವರ ಕನ್ಸೆಂಟ್ ಪ್ರತಿ ತರಿಸಿ ಫೈಲಿನಲ್ಲಿ ಇಡಿಸುತ್ತೇನೆ. ಥಿನ್ನರ್ ವಾಸನೆ ಪಕ್ಕದ ರಸ್ತೆಗೆ ಹೋಯಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲವಲ್ಲ.

ಬಿಳಿಯಲ್ಲದವರ ಕಷ್ಟ ಬೇರೆ. ಒಂದೇ ಸಂಖ್ಯೆಯನ್ನು ಬೇರೆ ಬೇರೆ ಕಡೆ ಬರೆಯಬೇಕು. ವೇಸ್ಟ್ ಆಯಿಲ್ ತೆಗೆದುಕೊಳ್ಳಿ. ಅಪಾಯಕಾರಿ ತ್ಯಾಜ್ಯ ನಿಯಮ 2016ರ ಪ್ರಕಾರ ಫಾರಂ 3ರಲ್ಲಿ ದಾಖಲೆ, ಸಾಗಿಸುವಾಗ ಫಾರಂ 10 ಮ್ಯಾನಿಫೆಸ್ಟ್ (ತ್ಯಾಜ್ಯದ ಜೊತೆ ಹೋಗುವ ಚೀಟಿ), ಜೂನ್ 30ರೊಳಗೆ ಫಾರಂ 4 ವಾರ್ಷಿಕ ರಿಟರ್ನ್. ಮತ್ತೆ 1986ರ ಪರಿಸರ ಸಂರಕ್ಷಣಾ ನಿಯಮದ ಪ್ರಕಾರ ಸೆಪ್ಟೆಂಬರ್ 30ರೊಳಗೆ ಫಾರಂ 5 ಪರಿಸರ ವಿವರಣೆ (ಎನ್ವಿರಾನ್‌ಮೆಂಟಲ್ ಸ್ಟೇಟ್‌ಮೆಂಟ್). ಒಬ್ಬರು ಬ್ಯಾರೆಲ್ ಲೆಕ್ಕ ಬರೆದಿರುತ್ತಾರೆ, ಇನ್ನೊಬ್ಬರು ಲೀಟರ್. ಫಾರಂ 5 ಕೇಳುವುದು ಕೆಜಿ. ಎರಡು ಫಾರಂ ತಾಳೆಯಾಗದಿದ್ದರೆ ನೋಟಿಸ್ ಬಂದಂತೆಯೇ.

ನಾನು ಮಾಡಿಸುವುದು ಒಂದೇ ಪುಸ್ತಕ. ತಾರೀಖು, ತೂಕ ಕೆಜಿಯಲ್ಲಿ, ಈವರೆಗಿನ ಒಟ್ಟು, ಯಾರಿಗೆ ಕೊಟ್ಟಿದ್ದು, ಮ್ಯಾನಿಫೆಸ್ಟ್ ನಂಬರ್. ಬ್ಯಾರೆಲ್ ತುಂಬಲು ಶುರುವಾದ ದಿನವನ್ನು ಅದರ ಮೈಮೇಲೇ ಬರೆಯಿಸುತ್ತೇನೆ. ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಡುವಂತಿಲ್ಲ. ಪುಸ್ತಕದ ಕೊನೆಯಲ್ಲಿ ನೀರಿನ ಮೀಟರ್ ರೀಡಿಂಗ್, ಟ್ಯಾಂಕರ್ ಬಿಲ್, ಪ್ರತಿ ತಿಂಗಳು ಒಂದನೇ ತಾರೀಖು. ಇದನ್ನು ಬರೆಯಬೇಕಾದವರು ಶಾಪ್ ಫ್ಲೋರ್ ಸೂಪರ್‌ವೈಸರ್. ಅಕೌಂಟೆಂಟ್‌ಗೆ ಕೊಂಡ ಎಣ್ಣೆ ಎಷ್ಟೆಂದು ಗೊತ್ತು, ಯಂತ್ರದಿಂದ ತೆಗೆದದ್ದು ಎಷ್ಟೆಂದು ಗೊತ್ತಿರುವುದಿಲ್ಲ.

ಫಾರಂ 4, ಫಾರಂ 5 ಎರಡೂ ಕೇಳುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕವನ್ನೇ. ಹಾಗಾಗಿ ಮಾರ್ಚ್ 31ಕ್ಕೆ ಪುಸ್ತಕ ಮುಚ್ಚಿ, ಎರಡನ್ನೂ ಒಟ್ಟಿಗೆ ಕೂತು ತುಂಬುತ್ತೇವೆ. ಸೆಪ್ಟೆಂಬರ್‌ವರೆಗೆ ಸುಮ್ನೆ ಯಾಕೆ ಕಾಯಬೇಕು?

ಶಿಕ್ಷೆಯೂ ಬದಲಾಗಿದೆ. 1986ರ ಪರಿಸರ ಕಾಯ್ದೆಯಲ್ಲಿ 5 ವರ್ಷದವರೆಗೆ ಜೈಲು ಇತ್ತು. ಜನ ವಿಶ್ವಾಸ್ ಕಾಯ್ದೆ ಬಂದು 2024ರ ಏಪ್ರಿಲ್ 1ರಿಂದ ಅದು 10 ಸಾವಿರದಿಂದ 15 ಲಕ್ಷ ರೂಪಾಯಿ ದಂಡವಾಯಿತು. ಜೈಲಿಗೆ ಹೋಗುತ್ತೇನೆ ಅಂತ ಯಾವ ಮಾಲೀಕರೂ ನಂಬಿರಲಿಲ್ಲ. ದಂಡವನ್ನು ನಂಬುತ್ತಾರೆ.

ಫಾರಂ 4 ಮತ್ತು ಫಾರಂ 5ರ ತ್ಯಾಜ್ಯದ ಭಾಗವನ್ನು ಸರ್ಕಾರ ಒಂದು ಮಾಡಿದರೆ ನನ್ನ ಅರ್ಧ ಕೆಲಸ ಹೋಗುತ್ತದೆ, ಹೋಗಲಿ. ಮ್ಯಾನಿಫೆಸ್ಟ್ ಮಾತ್ರ ಇರಬೇಕು. ಎಣ್ಣೆ ಅಧಿಕೃತ ರೀಸೈಕ್ಲರ್‌ಗೆ ಹೋಯಿತೋ, ಮೋರಿಗೆ ಹೋಯಿತೋ ಅನ್ನುವುದಕ್ಕೆ ಇರುವ ಸಾಕ್ಷಿ ಅದು. ಗುಜರಿಯವರು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಡುತ್ತೇವೆ ಎಂದರೂ, ಆ ಚೀಟಿ ಇಲ್ಲದೆ ಬ್ಯಾರೆಲ್ ಎತ್ತಲು ಬಿಡಬೇಡಿ ಎನ್ನುತ್ತೇನೆ.