ಬಾಲವಾಡಿ ಮಕ್ಕಳಿಗೆ ಚಮಚ ತರೋಕೆ ಮುಂಚೆ ಒಂಚೂರು ಕೇಳಿ

ಮೊನ್ನೆ ಮೊಮ್ಮಗಳನ್ನ ಕರ್ಕೊಂಡು ಬರೋಕೆ ಅವಳ ಶಿಶುವಿಹಾರಕ್ಕೆ ಹೋಗಿದ್ದೆ, ಊಟದ ಹೊತ್ತು, ಇಪ್ಪತ್ತು ಮಕ್ಕಳು ಸಾಲಾಗಿ ಕೂತಿದ್ವು, ಎಲ್ಲರ ಕೈಲೂ ದೊಡ್ಡೋರು ಊಟಕ್ಕೆ ಇಟ್ಕೊಳ್ಳೋ ಉದ್ದ ಚಮಚ. ಮೂರು ವರ್ಷದ ಮಗು ಅದನ್ನ ತುದಿಲಿ ಹಿಡ್ಕೊಂಡ್ರೆ ಅನ್ನ ಬಾಯಿಗೆ ಬರೋ ಬದಲು ಕಿವಿ ಕಡೆ ಹೋಗುತ್ತೆ, ಅರ್ಧ ಮಡಿಲಿಗೆ, ಅರ್ಧ ಪಕ್ಕದೋಳ ಲಂಗಕ್ಕೆ. ಟೀಚರಮ್ಮ ಬೇರೆ ಚೆಲ್ಲಬೇಡ ಚೆಲ್ಲಬೇಡ ಅಂತ ಗದರ್ತಾ ಇದ್ರು. ತಪ್ಪು ಚಮಚ ತಂದೋರದ್ದು, ಬೈಗುಳ ಮಗುಗೆ! ಮನೆಗೆ ಬಂದ್ರೂ ಹೊಟ್ಟೆ ಉರಿ ಆರಲಿಲ್ಲ, ಅದಕ್ಕೇ ಬರೀತಿದೀನಿ.

ನಾನು ತೀರ್ಥಹಳ್ಳಿ ಕಡೆ ಅಂಗನವಾಡಿಲಿ ಇಪ್ಪತ್ತೆಂಟು ವರ್ಷ ಮೂರರಿಂದ ಆರು ವರ್ಷದ ಮಕ್ಕಳಿಗೆ ಊಟ ಬಡಿಸಿದೋಳು. ಮೊದಲನೇ ಮಾತು, ಅನ್ನ ಸಾರಿಗೆ, ರೊಟ್ಟಿಗೆ, ಕಡುಬಿಗೆ ಚಮಚ ಬೇಡ ಮಾರಾಯ್ರೆ, ಕೈ ತೊಳೆಸಿ ಕೈಲೇ ತಿನ್ನಿಸಿ. ಗಂಜಿ, ಪಾಯಸ, ಉಪ್ಪಿಟ್ಟು, ಮೊಸರನ್ನ, ಇಂಥದ್ದಕ್ಕೆ ಚಮಚ ಕೊಡಿ. ಫೋರ್ಕ್ ಅಂತೂ ನಾಲ್ಕು ತುಂಬೋವರೆಗೆ ಬೇಡವೇ ಬೇಡ, ಆಮೇಲೂ ತುದಿ ಮೊಂಡಾಗಿರೋದೇ ಆಗ್ಬೇಕು, ಪಪ್ಪಾಯ ಹೋಳು ಚುಚ್ಚಿದ್ರೆ ಸಾಕು ಅದು, ಪಕ್ಕದೋನ ಕೆನ್ನೆ ಅಲ್ಲ.

ಚಮಚದ ಉದ್ದ ನನ್ನ ಲೆಕ್ಕದಲ್ಲಿ ಮಗುವಿನ ಅಂಗೈ ಎರಡು ಇಟ್ಟಷ್ಟು, ಅದಕ್ಕಿಂತ ಒಂಚೂರು ಕಮ್ಮಿ ಆದ್ರೂ ಅಡ್ಡಿಲ್ಲ. ಹಿಡಿ ದಪ್ಪ ಇರ್ಬೇಕು, ಯಾಕಂದ್ರೆ ಸಣ್ಣ ಮಕ್ಕಳು ಮುಷ್ಟಿ ಕಟ್ಟಿ ಹಿಡೀತಾವೆ, ಪೆನ್ನು ಹಿಡಿದಂಗೆ ಹಿಡಿಯೋದು ಆಮೇಲೆ ತಾನಾಗೇ ಬರುತ್ತೆ. ಬಾಯಿಗೆ ಹೋಗೋ ಭಾಗ ಗುಂಡಗೆ, ಆಳ ಇಲ್ದೆ ಇರ್ಬೇಕು. ಆಳ ಇದ್ರೆ ಮೇಲ್ತುಟಿಗೆ ತಳದ ಅನ್ನ ಸಿಗೋದೇ ಇಲ್ಲ, ಮಗು ಚಮಚ ಬಾಯೊಳಗೆ ತಿರುಗಿಸುತ್ತೆ, ಉಬ್ಬಳಿಕೆ ಬರುತ್ತೆ, ಆಗ ಮಗುಗೆ ಊಟ ಸೇರಲ್ಲ ಅಂತ ತಾಯಿಗೆ ಕಂಪ್ಲೇಂಟು! ಕತ್ತು ಒಂದು ಕಡೆಗೆ ಬಾಗಿರೋ ಚಮಚ ಈಗ ಬಂದಿದೆ, ಬಲಗೈ ಮಕ್ಕಳಿಗೆ ಮಾಡಿದ್ದು, ಅದನ್ನ ಎಡಚ ಮಗುಗೆ ಕೊಟ್ರೆ ಪಾಪ ಅದೇನು ಮಾಡ್ಬೇಕು. ನೆಟ್ಟಗಿರೋದು ತಂದ್ರೆ ಎರಡೂ ಕೈಗೆ ಆಗುತ್ತೆ.

ಬಣ್ಣಬಣ್ಣದ ಪ್ಲಾಸ್ಟಿಕ್ ಚಂದ ಕಾಣುತ್ತೆ, ಒಂದು ತಿಂಗಳಲ್ಲಿ ಅರಿಶಿನ ಕುಡಿದು ಹಳದಿ ಆಗುತ್ತೆ, ಮಕ್ಕಳು ಕಚ್ಚಿ ಕಚ್ಚಿ ಅಂಚೆಲ್ಲ ಗೀರು, ಆ ಗೀರಲ್ಲಿ ಜಿಡ್ಡು. ಅಲ್ಯೂಮಿನಿಯಂ ಬಾಗುತ್ತೆ, ಹುಳಿಗೂ ಆಗಲ್ಲ. ಕಲಾಯಿ ಹೋದ ಹಿತ್ತಾಳೆಲಿ ಮಜ್ಜಿಗೆ ಅನ್ನ ಕೊಡೋರನ್ನ ಕಂಡ್ರೆ ನಂಗೆ ಸಿಟ್ಟೇ ಬರುತ್ತೆ, ಕಿಲುಬು ಹೊಟ್ಟೆಗೆ ಹೋಗುತ್ತೆ ಅಲ್ವಾ. ಸ್ಟೀಲೇ ತಗೊಳ್ಳಿ. ಶಿವಮೊಗ್ಗದ ಗಾಂಧಿಬಜಾರಿನ ಪಾತ್ರೆ ಅಂಗಡಿಲಿ ಅಯಸ್ಕಾಂತ ಹಿಡಿದು ನೋಡಿ, ಅಂಟ್ಲಿಲ್ಲ ಅಂದ್ರೆ ಒಳ್ಳೆ ಸ್ಟೀಲು ಅಂತ ತಂದ್ಬಿಡ್ತಾರೆ, ಅದು ಸಾಲಲ್ಲ. 202 ಅಂತ ಅಗ್ಗದ್ದು ಇದೆ, ಅದಕ್ಕೂ ಅಂಟಲ್ಲ. ಒಳ್ಳೆ ಸ್ಟೀಲಿನ ನಂಬರು 304, ಅದ್ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್, 202ರಲ್ಲಿ ನಿಕ್ಕಲ್ ಇಳಿಸಿ ಮ್ಯಾಂಗನೀಸ್ ಸೇರಿಸಿರ್ತಾರೆ, ನಮ್ಮ ಮಳೆಗಾಲದ ಥಂಡಿಗೆ ಅದರ ಮೇಲೆ ತುಕ್ಕಿನ ಚುಕ್ಕಿ ಬೇಗ ಏಳುತ್ತೆ. 304 ಅಂತ ಬಿಲ್ಲಲ್ಲೇ ಬರೆಸ್ಕೊಳ್ಳಿ.

ಈಗ ನಾನು ಹೇಳೋದನ್ನ ಮಾತ್ರ ತಪ್ಪಿಸ್ಬೇಡಿ. ಹೊಸ ಚಮಚದ ಅಂಚಲ್ಲಿ ಕಣ್ಣಿಗೆ ಕಾಣದ ಸಿಬುರು ಇರುತ್ತೆ. ಬೆರಳಾಡಿಸಿ ನೋಡ್ದೆ, ನುಣ್ಣಗಿದೆ ಅಂತಾರೆ. ನಮ್ಮ ಬೆರಳು ಅಡಿಕೆ ಸುಲಿದು ಪಾತ್ರೆ ತಿಕ್ಕಿ ದಪ್ಪಗಾಗಿರುತ್ತೆ, ಅದಕ್ಕೇನು ಗೊತ್ತಾಗುತ್ತೆ, ಮಗುವಿನ ತುಟಿಗೆ ಗೊತ್ತಾಗೋದು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹೊಸ ಚಮಚ ಬಂದ ಸಂಭ್ರಮದಲ್ಲಿ ನಾನೇ ಒಂದು ಹುಡುಗಿಗೆ ಪಾಯಸ ತಿನ್ನಿಸ್ತಿದ್ದೆ, ಮೂರನೇ ತುತ್ತಿಗೆ ಪಾಯಸ ಕೆಂಪಾಯ್ತು. ತುಟಿ ಮೂಲೆ ಸಣ್ಣಕೆ ಕುಯ್ದಿತ್ತು. ಅದು ಅಳಲಿಲ್ಲ, ಸುಮ್ನೆ ನನ್ನ ಮುಖ ನೋಡ್ತು. ಇವತ್ತಿಗೂ ಆ ನೋಟ ಮರೆಯೋಕಾಗಿಲ್ಲ.

ಆಮೇಲೆ ನಮ್ಮತ್ತೆ ಹತ್ತಿ ಆಡಿಸಿ ಸಿಬುರು ಹುಡುಕೋದನ್ನ ಹೇಳಿಕೊಟ್ರು. ದೀಪದ ಬತ್ತಿಗೆ ಇಟ್ಕೊಳ್ಳೋ ಅರಳೆಲಿ ನೆಲ್ಲಿಕಾಯಿಯಷ್ಟು ಕಿತ್ಕೊಳ್ಳಿ, ಹೊಸೀಬೇಡಿ, ಎಳೆ ಎಳೆ ಬಿಡಿಸಿ ಮೋಡದಂಗೆ ಮಾಡ್ಕೊಳ್ಳಿ. ಚಮಚ ಒಣಗಿರ್ಬೇಕು, ಒದ್ದೆ ಇದ್ರೆ ಎಲ್ಲ ಕಡೆನೂ ಅಂಟುತ್ತೆ, ಏನೂ ಗೊತ್ತಾಗಲ್ಲ. ಎಡಗೈಲಿ ಹಿಡಿ ಹಿಡ್ಕೊಂಡು, ಕತ್ತಿನ ಹತ್ರದಿಂದ ಶುರು ಮಾಡಿ ಅಂಚಿನಗುಂಟ ನಿಧಾನಕ್ಕೆ ಒಂದು ಸುತ್ತು, ಮಲಗಿರೋ ಕೂಸಿನ ಬಾಯಿ ಒರೆಸಿದಷ್ಟೇ ಹಗುರಕ್ಕೆ. ಆಮೇಲೆ ಅದೇ ಅಂಚಲ್ಲಿ ವಾಪಸ್ ಬನ್ನಿ, ಇದನ್ನೇ ಎಲ್ಲರೂ ಬಿಡೋದು. ಸಿಬುರು ಒಂದು ಕಡೆಗೆ ಮಲಗಿರುತ್ತೆ, ಹೋಗೋವಾಗ ಸಿಗದ್ದು ಬರೋವಾಗ ಎಳೆ ಹಿಡಿಯುತ್ತೆ. ಆಮೇಲೆ ಅಂಚಿನ ಅಡಿಭಾಗ, ಹಿಡಿಯ ಎರಡು ಪಕ್ಕ, ತೂಗು ಹಾಕೋಕೆ ತೂತು ಇದ್ರೆ ಅದರೊಳಗೂ ಹತ್ತಿ ತೂರಿಸಿ ಎಳೀರಿ, ಮಕ್ಕಳ ಕಿರುಬೆರಳು ಅಲ್ಲಿಗೇ ಹೋಗೋದು. ಕಪ್ಪು ಬಟ್ಟೆ ಮೇಲೆ ಹಿಡಿದು ನೋಡಿ, ನಾನಂತೂ ಚಮಚ ತರೋ ದಿನ ಕಡುನೀಲಿ ಸೀರೆನೇ ಉಟ್ಕೊಂಡು ಹೋಗ್ತಿದ್ದೆ, ಒಂದೇ ಒಂದು ಬಿಳಿ ಎಳೆ ನಿಂತ್ರೂ ಪಕ್ಕಕ್ಕಿಡ್ತಿದ್ದೆ. ಡಜನ್ನಿಗೆ ಎರಡು ಮೂರು ಹಂಗೇ ಹೋಗೋವು. ಅಂಗಡಿ ಹುಡುಗ ಮುಖ ಸಿಂಡರಿಸ್ಲಿ ಬಿಡಿ. ಮಳೆ ಹಿಡಿಯೋಕೆ ಮುಂಚೆ ವರ್ಷಕ್ಕೊಂದು ಸಲ ಹಳೇ ಚಮಚಗಳನ್ನೂ ಹಿಂಗೇ ನೋಡಿ, ಕಲ್ಲಿಗೆ ಉಜ್ಜಿ ಉಜ್ಜಿ ಅಂಚು ಎದ್ದಿರುತ್ತೆ.

ತಟ್ಟೆಗೆ ಕಂಠ ನೆಟ್ಟಗಿರ್ಲಿ, ಮಗು ಅನ್ನವನ್ನ ಅದಕ್ಕೆ ಒತ್ತಿ ತುಂಬಿಕೊಳ್ಳುತ್ತೆ. ಲೋಟ ತಳ ಭಾರ ಇರೋದು. 2013ರಲ್ಲಿ ಕ್ಷೀರಭಾಗ್ಯ ಬಂದಾಗ ಮಗುವಿಗೆ 150 ಎಂಎಲ್ ಹಾಲು, ನಮ್ಮಲ್ಲಿದ್ದ ಸಣ್ಣ ಲೋಟಕ್ಕೆ ಅದು ಕಂಠಮಟ್ಟ ಆಗ್ತಿತ್ತು, ಎತ್ತಿದ್ರೆ ಎದೆ ಮೇಲೆ. 200 ಹಿಡಿಯೋ ಲೋಟ ಬಂದ್ಮೇಲೇ ನೆಲ ಒರೆಸೋದು ಕಮ್ಮಿ ಆಗಿದ್ದು. ಸ್ಟೀಲ್ ಲೋಟ ಬಿಸಿ ಬೇಗ ಏರುತ್ತೆ, ನಿಮ್ಮ ಮಣಿಕಟ್ಟಿನ ಒಳಗೆ ತಾಗಿಸಿ ನೋಡೇ ಕೊಡಿ.

ಹಿಡಿ ಮೇಲೆ ಹೆಸರು ಕೊರೆಸ್ತಾರೆ, ಓದೋಕೆ ಬರದ ಮಕ್ಕಳಿಗೆ ಹೆಸರು ಎಂತಕ್ಕೆ? ಅದೇ ಪಾತ್ರೆ ಅಂಗಡಿಲಿ ಕೊಡೆ, ಮೀನು, ಹೂವು, ಏಣಿ ಹಿಂಗೆ ಒಂದೊಂದು ಚಿತ್ರ ಕೊರೆಸಿ, ವಾರದಲ್ಲಿ ಎಲ್ಲ ಮಕ್ಕಳೂ ತಮ್ಮತಮ್ಮದು ಎತ್ಕೊಳ್ತಾವೆ, ಒಬ್ಬರ ಎಂಜಲು ಇನ್ನೊಬ್ಬರಿಗಿಲ್ಲ.

ತೊಳೆದ ಚಮಚ ಡಬ್ಬಿಲಿ ತಲೆ ಮೇಲೆ ಮಾಡಿ ನಿಲ್ಸಿ, ಡಬ್ಬಿ ತಳಕ್ಕೆ ತೂತಿರ್ಲಿ. ಒರೆಸಬೇಡಿ, ಯಾಕಂದ್ರೆ ಆಷಾಢದಲ್ಲಿ ನಿಮ್ಮ ಒರೆಸೋ ಬಟ್ಟೆ ಹೆಂಗಿರುತ್ತೆ ನಂಗೊತ್ತು, ಮುಗ್ಗು ವಾಸನೆ! ಒರೆಸಲೇಬೇಕು ಅಂದ್ರೆ ಆ ಬಟ್ಟೆನ ವಾರಕ್ಕೆರಡು ಸಲ ಒಂಚೂರು ಸೋಡ ಹಾಕಿ ಕುದಿಸಿ, ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ಬೇಕು, ಫ್ಯಾನಿನ ಗಾಳಿಗೆ ಹರವಿ ಒಣಗ್ತು ಅಂದ್ಕೋಬೇಡಿ.

ಆಮೇಲೆ ಊಟ ಆದ ಕೂಡ್ಲೇ ಚಮಚ ಎಣಿಸಿ. ಮಕ್ಕಳು ತಟ್ಟೆಲಿ ಉಳಿದ ಅನ್ನದ ಜೊತೆ ಚಮಚನೂ ಕಲಗಚ್ಚಿನ ಬಕೆಟ್ಟಿಗೆ ಸುರಿದುಬಿಡ್ತಾವೆ. ದನಕ್ಕೆ ಕಬ್ಬಿಣದ ಚೂರು ಹೊಟ್ಟೆಗೆ ಹೋದ್ರೆ ಮೇವು ಬಿಟ್ಟು ನರಳಿ ನರಳಿ ಸತ್ರೂ ಸಾಯಬಹುದು. ನಮ್ಮಲ್ಲಿ ಒಂದು ಕಮ್ಮಿ ಬಂತು ಅಂದ್ರೆ ಬಕೆಟ್ಟಿಗೆ ಮೊಣಕೈವರೆಗೆ ಕೈ ಹಾಕಿ ಹುಡುಕಿ, ಸಿಕ್ಕಿದ ಮೇಲೇ ಪಕ್ಕದ ಮನೆ ಕೊಟ್ಟಿಗೆಗೆ ಕಳಿಸ್ತಿದ್ದಿದ್ದು.